ಅಜ್ಜಿ ತೀರಿಹೋದ ಅರ್ಜಿ

ನಮ್ಮ ಕಾಲದಲ್ಲಿ ಇಂಗ್ಲಿಷು ಎದುರಾಗುತ್ತಿದ್ದುದು ಐದನೆಯ ತರಗತಿಯಲ್ಲಿ. ಕಾಪಿ ಪುಸ್ತಕದ ಹಾಳೆಯ ನಡುವೆ ಒಂದು ಗೆರೆ; ಎಡಕ್ಕೆ ಇಂಗ್ಲಿಷ್ ಶಬ್ದ, ಬಲಕ್ಕೆ ಕನ್ನಡದ ಅರ್ಥ. ದಿನಕ್ಕೆ ಐದು. ಮರೆತರೆ ಬೆರಳ ಗಂಟಿಗೆ ಅಡಿಕೋಲು. ಹಾಗೆ ಕಲಿತ ನಾನು ಬಿ.ಎಡ್. ಮುಗಿಸಿ ಟೀಚರಾದ ಮೇಲೆ ಮಾಡಿದ್ದೂ ಅದನ್ನೇ. ಅಡಿಕೋಲು ಮಾತ್ರ ಬಿಟ್ಟಿದ್ದೆ.

ಒಮ್ಮೆ ಏಳನೆಯ ತರಗತಿಯ ಹುಡುಗನೊಬ್ಬ ನಾಲ್ಕು ದಿನ ಬರಲಿಲ್ಲ. ರಜಾ ಅರ್ಜಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂಬುದು ನನ್ನದೇ ಕಟ್ಟಪ್ಪಣೆ. ‘ಮೈ ಗ್ರ್ಯಾಂಡ್‌ಮದರ್ ಈಸ್ ಫಿನಿಶ್ಡ್’ ಎಂದು ಬರೆದು ತಂದಿದ್ದ. ನಾನು ಗಟ್ಟಿಯಾಗಿ ಓದಿ ನಕ್ಕುಬಿಟ್ಟೆ. ನಾನು ನಕ್ಕದ್ದು ಕಂಡು ಇಡೀ ತರಗತಿ ಗೊಳ್ಳೆಂದಿತು. ಹುಡುಗ ಮಾತಾಡದೆ ತನ್ನ ಕಾಪಿ ತೆರೆದು ತೋರಿಸಿದ. ‘ಫಿನಿಶ್: ತೀರು, ಮುಗಿ’. ಕೆಳಗೆ ಕೆಂಪು ಶಾಯಿಯಲ್ಲಿ ನನ್ನ ಸಹಿ.

“ಅಜ್ಜಿ ತೀರಿಹೋದ್ರು ಟೀಚರ್” ಎಂದ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹುಡುಗನ ತಪ್ಪಾದರೂ ಏನು? ನಮ್ಮಲ್ಲಿ ಸಾಲವೂ ತೀರುತ್ತದೆ, ಡಬ್ಬದ ಅಕ್ಕಿಯೂ ತೀರುತ್ತದೆ, ಅಜ್ಜಿಯೂ ತೀರಿಹೋಗುತ್ತಾಳೆ. ಇಂಗ್ಲಿಷಿನವರು ಒಂದೊಂದಕ್ಕೂ ಬೇರೆ ಮಾತು ಇಟ್ಟುಕೊಂಡಿದ್ದಾರೆ. ಒಂದು ಶಬ್ದಕ್ಕೆ ಒಂದು ಶಬ್ದವೆಂದು ತಕ್ಕಡಿಯಲ್ಲಿ ತೂಗಿ ಕೊಟ್ಟವಳು ನಾನು.

ಮರುದಿನ ಬೋರ್ಡಿನ ಮೇಲೆ ‘ಎಕ್ಸ್‌ಪೈರ್’ ಎಂದು ಬರೆದೆ. ಮಾತ್ರೆಯ ಪಟ್ಟಿಯ ಮೇಲಿನ ತಾರೀಖಿನಿಂದಾಗಿ ಮಕ್ಕಳಿಗೆ ಅದು ಗೊತ್ತಿತ್ತು. ಲ್ಯಾಟಿನ್ನಿನಲ್ಲಿ ‘ಸ್ಪಿರಾರೆ’ ಎಂದರೆ ಉಸಿರಾಡುವುದು, ‘ಎಕ್ಸ್’ ಎಂದರೆ ಹೊರಗೆ. “ನಾವೂ ಕೊನೆಯುಸಿರು ಅಂತೀವಲ್ಲ ಟೀಚರ್!” ಎಂದಳು ಹಿಂದಿನ ಬೆಂಚಿನವಳೊಬ್ಬಳು. ಉಸಿರನ್ನು ಒಳಗೆ ಊದಿದರೆ ‘ಇನ್‌ಸ್ಪೈರ್’. ಮತ್ತೆ ಮತ್ತೆ ಆಡಿದರೆ ವಿಜ್ಞಾನದ ಪಾಠದ ‘ರೆಸ್ಪಿರೇಶನ್’. ಚರ್ಮದ ಮೂಲಕ ಹೊರಟರೆ ‘ಪರ್‌ಸ್ಪೈರ್’, ಬೆವರುವುದು. ಒಟ್ಟಿಗೆ ಉಸಿರಾಡಿದರೆ ‘ಕನ್‌ಸ್ಪೈರ್’, ಅಂದರೆ ಪಿತೂರಿ ಮಾಡುವುದು. ತಲೆಗೆ ತಲೆ ತಾಗಿಸಿ ಪಿಸುಗುಡುವವರನ್ನು ತರಗತಿಯಲ್ಲೇ ತೋರಿಸಿದೆ. ಒಂದು ಗಂಟೆಯಲ್ಲಿ ಐದು ಶಬ್ದಗಳಾದವು, ಬಾಯಿಪಾಠದ ಮಾತೇ ಬರಲಿಲ್ಲ.

ಎಲ್ಲ ಶಬ್ದಗಳೂ ಹೀಗೆ ಬಿಚ್ಚಿಕೊಳ್ಳುವುದಿಲ್ಲ, ಅದೂ ನಿಜ. ಅರ್ಜಿಯಲ್ಲಿ ಬರೀ ‘ಡೈಡ್’ ಎಂದರೆ ಸಾಕೆಂದೂ ಹೇಳಿದೆ. ದೊಡ್ಡ ಶಬ್ದ ಗೊತ್ತೆಂದು ಎಲ್ಲೆಂದರಲ್ಲಿ ಹಾಕುವುದು ಧಾರೆ ಸೀರೆಯುಟ್ಟು ನೀರಿಗೆ ಹೋದಂತೆ.

ಆ ಹುಡುಗ ಮಾತ್ರ ಅಂದು ತಲೆಯೆತ್ತಲೇ ಇಲ್ಲ. ಗಂಟೆ ಹೊಡೆದ ಮೇಲೆ ಹತ್ತಿರ ಕರೆದು, ನಿನ್ನೆ ನಕ್ಕದ್ದು ನನ್ನ ತಪ್ಪು ಎಂದೆ. ಅಜ್ಜಿ ಹೇಗಿದ್ದರಪ್ಪಾ ಎಂದು ಕೇಳಿದೆ. ಮೊದಲು ಕಾಲಿನ ಹೆಬ್ಬೆರಳು ನೋಡುತ್ತಾ ನಿಂತಿದ್ದವನು ಆಮೇಲೆ ಶುರುಮಾಡಿದ. ಮುಂದಿನ ತರಗತಿಯವರು ಬಾಗಿಲಲ್ಲಿ ಬಂದು ನಿಂತರೂ ಅವನ ಮಾತು ಮುಗಿದಿರಲಿಲ್ಲ.