ಅಕ್ಷರ ಕಾಯುವ ಕಾಯಕ

ಲೋಕದಲ್ಲಿ ಕೆಲವು ಉದ್ಯೋಗಗಳ ಸ್ವರೂಪ ಅವುಗಳ ಹೆಸರಿನಿಂದಲೇ ತಿಳಿದುಬರುತ್ತದೆ. ಅಧ್ಯಾಪಕರು, ವೈದ್ಯರು, ವಕೀಲರು ಎಂದೊಡನೆ ಕೇಳಿದವರ ಮನಸ್ಸಿನಲ್ಲಿ ಒಂದು ಚಿತ್ರ ಮೂಡುತ್ತದೆ. ನಾವು ಮೂವತ್ತನಾಲ್ಕು ವರ್ಷಗಳ ಕಾಲ ಮಾಡಿದ ಉದ್ಯೋಗಕ್ಕೆ ಅಂತಹ ಭಾಗ್ಯವಿರಲಿಲ್ಲ. ರಾಜ್ಯದ ಒಂದು ವಿಶ್ವವಿದ್ಯಾಲಯದ ಗಣಕ ಕೇಂದ್ರದಲ್ಲಿ ನಾವು ತಾಂತ್ರಿಕ ಸಹಾಯಕರಾಗಿದ್ದೆವು. ಪಾಠ ಹೇಳುವವರು ನಾವಲ್ಲ, ಸಂಶೋಧನೆ ಮಾಡುವವರೂ ಅಲ್ಲ. ಆದರೆ ಪಾಠ ಹೇಳುವವರ ಯಂತ್ರ ನಿಂತಾಗ, ಸಂಶೋಧಕರ ಪ್ರಬಂಧ ಮಾಯವಾದಾಗ, ಪರೀಕ್ಷಾ ವಿಭಾಗದ ಅಂಕಪಟ್ಟಿ ಮುದ್ರಣವಾಗದೆ ಹೋದಾಗ ಎಲ್ಲರಿಗೂ ನೆನಪಾಗುತ್ತಿದ್ದವರು ನಾವೇ. ಯಂತ್ರ ಸರಿಯಾದೊಡನೆ ನಮ್ಮ ನೆನಪೂ ಸರಿದುಹೋಗುತ್ತಿತ್ತು. ಇದನ್ನು ದೂರಾಗಿ ಹೇಳುತ್ತಿಲ್ಲ. ದೀಪ ಉರಿಯುತ್ತಿರುವಾಗ ಎಣ್ಣೆ ಹಾಕಿದವರನ್ನು ಯಾರು ಕೇಳುತ್ತಾರೆ?

ನಮ್ಮ ಹುಟ್ಟೂರು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ. ತಿಪಟೂರಿನ ಕೊಬ್ಬರಿ ಪೇಟೆಯನ್ನು ನಂಬಿ ಬದುಕುವ ತೆಂಗಿನ ತೋಟಗಳ ಸೀಮೆ ಅದು. ನಮ್ಮ ತಂದೆಯವರಿಗೂ ಅಲ್ಪ ತೋಟ, ಒಂದಿಷ್ಟು ರಾಗಿಯ ಹೊಲ ಇದ್ದವು. ಹಾಸನದಲ್ಲಿ ವಿಜ್ಞಾನ ಪದವಿ ಮುಗಿಸಿದ ನಾವು ಎರಡು ವರ್ಷ ಊರಿನಲ್ಲಿಯೇ ಉಳಿದು, ಅನಂತರ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ತರಬೇತಿ ಪಡೆದೆವು. 1989ರಲ್ಲಿ ವಿಶ್ವವಿದ್ಯಾಲಯದಲ್ಲಿ ಕೆಲಸ ದೊರೆಯಿತು. ಊರಿನಲ್ಲಿ ಆಗ ಕಂಪ್ಯೂಟರನ್ನು ಕಂಡವರು ವಿರಳ. ‘ಅದು ಲೆಕ್ಕ ಮಾಡುವ ಯಂತ್ರವಂತೆ, ನಿಮ್ಮ ಮಗನಿಗೆ ಲೆಕ್ಕ ಬರುವುದಿಲ್ಲವೆ?’ ಎಂದು ಹಿರಿಯರೊಬ್ಬರು ನಮ್ಮ ತಂದೆಯವರನ್ನು ಕೇಳಿದ್ದುಂಟು.

ಆ ಕಾಲದ ಗಣಕ ಕೇಂದ್ರವೆಂದರೆ ಒಂದು ಬಗೆಯ ಗರ್ಭಗುಡಿಯೇ ಸರಿ. ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಒಳಗೆ ಹೋಗಬೇಕು, ಧೂಳು ಸೋಕಬಾರದು, ಹವಾನಿಯಂತ್ರಣ ನಿಲ್ಲಬಾರದು. ಅಂಗೈಗಿಂತ ಅಗಲವಾದ ಫ್ಲಾಪಿ ತಟ್ಟೆಗಳು, ಕರ್ಕಶ ಸದ್ದಿನ ಡಾಟ್ ಮ್ಯಾಟ್ರಿಕ್ಸ್ ಮುದ್ರಕಗಳು, ಕಪ್ಪು ತೆರೆಯ ಮೇಲೆ ಹಸಿರು ಅಕ್ಷರಗಳು. ಮುಂದೆ ಬಂದ ಚಿಕ್ಕ ಫ್ಲಾಪಿಯಲ್ಲಿ 1.44 ಮೆಗಾಬೈಟಿನಷ್ಟು ಮಾತ್ರ ಮಾಹಿತಿ ಹಿಡಿಯುತ್ತಿತ್ತು. ಇಂದು ಕೈಯಲ್ಲಿರುವ ಫೋನಿನಿಂದ ತೆಗೆದ ಒಂದೇ ಛಾಯಾಚಿತ್ರವೂ ಅದರಲ್ಲಿ ಹಿಡಿಸುವುದು ಕಷ್ಟ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಅದು ನಮ್ಮ ಕೇಂದ್ರಕ್ಕೆ ಬಂದ ಮೇಲೆ ನಮ್ಮ ಕೆಲಸ ಇಮ್ಮಡಿಯಾಯಿತು. ಹೊಸ ಹೊಸ ವೈರಸ್‌ಗಳೂ ಅದರ ಹಿಂದೆಯೇ ಬಂದವು.

ಆ ದಿನಗಳ ಒಂದು ಪ್ರಸಂಗ ಮರೆಯಲಾಗದು. ಕನ್ನಡ ವಿಭಾಗದ ಸಂಶೋಧನ ವಿದ್ಯಾರ್ಥಿಯೊಬ್ಬರು ಒಂದು ಸಂಜೆ ಫ್ಲಾಪಿಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಂದರು. ಅವರ ಮನೆತನದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲಿಗರು ಅವರೇ. ಪ್ರಬಂಧ ಸಲ್ಲಿಸಲು ಎರಡು ದಿನ ಉಳಿದಿದ್ದವು, ಫ್ಲಾಪಿ ತೆರೆಯುತ್ತಿರಲಿಲ್ಲ. ನಾವೂ ನಮ್ಮ ಸಹೋದ್ಯೋಗಿಯೊಬ್ಬರೂ ರಾತ್ರಿಯಿಡೀ ಕುಳಿತು ತಟ್ಟೆಯ ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ಓದಿಸಿ, ಓದಿ ಬಂದುದನ್ನೆಲ್ಲ ಜೋಡಿಸಿದೆವು. ಬೆಳಗಿನ ವೇಳೆಗೆ ಒಂದು ಅಧ್ಯಾಯದ ಕೆಲವು ಪುಟಗಳ ಹೊರತು ಉಳಿದುದೆಲ್ಲ ಕೈಗೆ ಬಂದಿತು. ಆ ಪುಟಗಳನ್ನು ಅವರು ಮತ್ತೆ ಬರೆದು ಸಕಾಲಕ್ಕೆ ಒಪ್ಪಿಸಿದರು. ಇಂದು ಅವರು ಅಧ್ಯಾಪಕರು. ಅಂದು ನಮಗೊಂದು ಸತ್ಯ ಗೋಚರಿಸಿತು: ನಾವು ದುರಸ್ತಿ ಮಾಡುತ್ತಿದ್ದುದು ಯಂತ್ರವನ್ನಲ್ಲ, ಒಬ್ಬರ ಹಲವು ವರ್ಷಗಳ ದುಡಿಮೆಯನ್ನು.

1999ರಲ್ಲಿ, ಶತಮಾನ ಬದಲಾಗುವಾಗ ಕಂಪ್ಯೂಟರುಗಳ ದಿನಾಂಕ ತಪ್ಪೀತೆಂಬ ಭೀತಿ ಜಗತ್ತನ್ನೇ ಆವರಿಸಿದ್ದಾಗ, ಹಳೆಯ ಕಾರ್ಯಕ್ರಮಗಳನ್ನು ತಿದ್ದಬಲ್ಲವರಿಗೆ ಅಮೆರಿಕದಿಂದ ಕರೆ ಬರುತ್ತಿತ್ತು. ನಮ್ಮೊಡನೆ ತರಬೇತಿ ಪಡೆದ ಅನೇಕರು ಹೋದರು. ನಮಗೂ ಒಂದು ಅವಕಾಶ ಒದಗಿತ್ತು. ತಂದೆಯವರಿಗೆ ಆಗ ದೃಷ್ಟಿ ಮಂದವಾಗಿತ್ತು. ತಾಯಿಯವರು ಊರು ಬಿಟ್ಟು ಬರಲು ಒಪ್ಪುತ್ತಿರಲಿಲ್ಲ. ನಾವು ಉಳಿದೆವು. ಬಂಧುಗಳಲ್ಲಿ ಕೆಲವರು ‘ಕೈಗೆ ಬಂದ ಲಕ್ಷ್ಮಿಯನ್ನು ತಿರಸ್ಕರಿಸಿದರು’ ಎಂದರು. ಹೋದವರು ಚೆನ್ನಾಗಿದ್ದಾರೆ, ನಮಗೂ ಕೊರತೆಯಾಗಲಿಲ್ಲ. ವಾರಕ್ಕೊಮ್ಮೆಯಾದರೂ ಊರಿಗೆ ಹೋಗಿ ತಂದೆಯವರ ಕೈಹಿಡಿದು ತೋಟದ ಬದುವಿನ ಮೇಲೆ ನಡೆಸಿದ ಆ ವರ್ಷಗಳನ್ನು ಯಾವ ನಾಣ್ಯದಲ್ಲಿ ಎಣಿಸುವುದೆಂದು ನಮಗೆ ಇಂದಿಗೂ ತಿಳಿಯದು.

ಹೀಗೆ ಊರಿಗೆ ಹೋಗುತ್ತಿದ್ದ ದಿನಗಳಲ್ಲಿಯೇ ನಮ್ಮ ಇನ್ನೊಂದು ಆಸಕ್ತಿ ಬೆಳೆಯಿತು. ನುಗ್ಗೇಹಳ್ಳಿಯ ಹಿಂದಿನ ಹೆಸರು ವಿಜಯ ಸೋಮನಾಥಪುರ. ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಇಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನೂ 1249ರಲ್ಲಿ ಸದಾಶಿವ ದೇವಾಲಯವನ್ನೂ ಕಟ್ಟಿಸಿದನು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ಬರುವಷ್ಟು ಜನ ನಮ್ಮೂರಿಗೆ ಬರುವುದಿಲ್ಲ. ಆದರೆ ಮೂರು ಗರ್ಭಗುಡಿಗಳ ನರಸಿಂಹ ದೇವಾಲಯದ ಹೊರಗೋಡೆಯನ್ನು ಸಾವಧಾನವಾಗಿ ನೋಡಿದವರು, ವಿಗ್ರಹಗಳ ಪಾದದ ಬಳಿ ಶಿಲ್ಪಿಗಳ ಹೆಸರು ಕನ್ನಡ ಅಕ್ಷರಗಳಲ್ಲಿ ಕೆತ್ತಿರುವುದನ್ನು ಕಾಣಬಹುದು. ಅವರಲ್ಲಿ ಮುಖ್ಯರಾದವರು ಬೈಚೋಜ ಮತ್ತು ಮಲ್ಲಿತಮ್ಮ. ಮಲ್ಲಿತಮ್ಮನ ಹೆಸರು ಮುಂದೆ ಮೈಸೂರು ಸೀಮೆಯ ಸೋಮನಾಥಪುರದ ಕೇಶವ ದೇವಾಲಯದಲ್ಲಿಯೂ ಕಾಣುತ್ತದೆ. ಕಟ್ಟಿಸಿದ ದಂಡನಾಯಕನ ಹೆಸರು ಶಾಸನದಲ್ಲಿ ಉಳಿಯುವುದು ಸಹಜ. ಉಳಿ ಹಿಡಿದವನ ಹೆಸರೂ ಉಳಿದಿರುವುದು ನಮಗೆ ಬಹಳ ಹಿಡಿಸಿತು. ಚಿತ್ರ ತೆಗೆಯುವುದನ್ನು ಕಲಿತು ಆ ಸಹಿಗಳನ್ನು ಒಂದೊಂದಾಗಿ ಸಂಗ್ರಹಿಸತೊಡಗಿದೆವು. ಹಳೆಯ ಲಿಪಿಯನ್ನು ಬಲ್ಲವರ ಬಳಿ ಕುಳಿತು ಓದುವುದನ್ನೂ ಅಭ್ಯಾಸ ಮಾಡಿದೆವು.

ನಮ್ಮ ತಾಯಿಯವರಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದಗಳು ಅವರ ಕಂಠದಲ್ಲಿದ್ದವು. 1997ರ ಬೇಸಗೆಯಲ್ಲಿ ಅವರು ಹೇಳಿದಂತೆ ನಾವು ಬರೆದುಕೊಂಡು, ಕೇಂದ್ರದ ಬಿಡುವಿನ ವೇಳೆಯಲ್ಲಿ ಅವನ್ನೆಲ್ಲ ಕಂಪ್ಯೂಟರಿನಲ್ಲಿ ಕನ್ನಡದಲ್ಲಿಯೇ ಅಚ್ಚುಹಾಕಿದೆವು. ಒಟ್ಟು ಅರವತ್ತನಾಲ್ಕು ಹಾಡುಗಳು. ಬರೆದುಕೊಂಡಿದ್ದ ನೋಟು ಪುಸ್ತಕ ಒಂದು ಮಳೆಗಾಲದಲ್ಲಿ ಅಟ್ಟದ ಮೇಲೆ ನೆನೆದು ಹಾಳಾಯಿತು. ಕಂಪ್ಯೂಟರಿನಲ್ಲಿ ಭದ್ರವಾಗಿದೆಯಲ್ಲ ಎಂಬ ಸಮಾಧಾನ ಮನೆಯವರಿಗೆಲ್ಲ ಇತ್ತು. 2009ರಲ್ಲಿ ತಾಯಿಯವರು ಲಿಂಗೈಕ್ಯರಾದರು. ವರ್ಷದ ಪುಣ್ಯಸ್ಮರಣೆಗೆ ಹಾಡುಗಳ ಪುಸ್ತಿಕೆ ತರೋಣವೆಂದು ಅಕ್ಕನವರು ಹೇಳಿದಾಗ ಕಡತಗಳನ್ನು ತೆರೆದೆವು. ತೆರೆಯ ಮೇಲೆ ಒಂದೂ ಕನ್ನಡ ಅಕ್ಷರವಿರಲಿಲ್ಲ. ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿಹೋದ ಸಾಲುಗಳು ಮಾತ್ರ.

ಇದಕ್ಕೆ ಕಾರಣವನ್ನು ಓದುಗರು ತಿಳಿಯುವುದು ಒಳಿತು. ಕಂಪ್ಯೂಟರ್ ಅಕ್ಷರಗಳನ್ನು ಅರಿಯದು. ಸಂಖ್ಯೆಗಳನ್ನು ಮಾತ್ರ ಬಲ್ಲದು. ಯಾವ ಸಂಖ್ಯೆಗೆ ಯಾವ ಅಕ್ಷರವೆಂಬ ಒಡಂಬಡಿಕೆ ಇದ್ದರೆ ಮಾತ್ರ ಬರೆದದ್ದನ್ನು ಓದಲು ಸಾಧ್ಯ. ಆ ಕಾಲದ ಬಹುಪಾಲು ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದವು. ಒಂದೊಂದು ಕಂಪೆನಿಯದೂ ಒಂದೊಂದು ಕ್ರಮ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕನ್ನಡ ಮಾಯವಾಗುತ್ತಿತ್ತು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವಿರಲೆಂದು 1991ರಲ್ಲಿ ಇಸ್ಕಿ ಎಂಬ ರಾಷ್ಟ್ರೀಯ ಮಾನಕ ಬಂದಿತ್ತು. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೂ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿದ್ದವು. ಆದರೆ ಸಾಮಾನ್ಯರ ಯಂತ್ರಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡಲು 2001ರ ವಿಂಡೋಸ್ ಎಕ್ಸ್‌ಪಿ ಬರುವವರೆಗೂ ಕಾಯಬೇಕಾಯಿತು. ನಾವು ಬಳಸಿದ್ದ ತಂತ್ರಾಂಶ ಮುದ್ರಕದ ಕಿಂಡಿಗೆ ಚುಚ್ಚುವ ಒಂದು ಬೀಗದ ತುಂಡು ಇಲ್ಲದೆ ತೆರೆಯುತ್ತಿರಲಿಲ್ಲ. ಹೊಸ ಯಂತ್ರಗಳಲ್ಲಿ ಆ ಕಿಂಡಿಯೂ ಇರಲಿಲ್ಲ. ಆ ಕಂಪೆನಿಯೂ ಮುಚ್ಚಿಹೋಗಿತ್ತು.

ನಮ್ಮಲ್ಲಿದ್ದ ಒಂದೇ ಆಧಾರವೆಂದರೆ, 1997ರಲ್ಲಿ ತಾಯಿಯವರಿಗೆ ತೋರಿಸಲೆಂದು ಮುದ್ರಿಸಿದ್ದ ಎರಡು ಹಾಡುಗಳ ಒಂದು ಹಾಳೆ. ಅದನ್ನು ಅವರು ತಮ್ಮ ಸೀರೆಯ ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟಿದ್ದರು. ಓದಲು ಬಾರದಿದ್ದರೂ ಇಟ್ಟಿದ್ದರು. ಆ ಹಾಳೆಯನ್ನು ಒಂದು ಕಡೆ, ಕಡತದ ಚಿಹ್ನೆಗಳನ್ನು ಇನ್ನೊಂದು ಕಡೆ ಇಟ್ಟುಕೊಂಡು, ಯಾವ ಚಿಹ್ನೆ ಯಾವ ತುಣುಕೆಂದು ಪಟ್ಟಿ ಮಾಡತೊಡಗಿದೆವು. ಅಜ್ಞಾತ ಲಿಪಿಯ ಶಾಸನವನ್ನು ಓದುವ ಕ್ರಮವೇ ಇದು. ತೊಡಕಾದದ್ದು ಅರ್ಕಾವತ್ತು. ‘ಧರ್ಮ’ ಎಂಬ ಮಾತನ್ನು ಹಳೆಯ ಕ್ರಮದಲ್ಲಿ ಕಣ್ಣಿಗೆ ಕಾಣುವಂತೆ ಧ, ಮ, ಅನಂತರ ಅರ್ಕಾವತ್ತು ಎಂದು ಇಡಲಾಗಿತ್ತು. ಯೂನಿಕೋಡಿನಲ್ಲಿ ಕಿವಿಗೆ ಕೇಳುವಂತೆ ಧ, ರ, ಹಲಂತ, ಮ ಎಂದಿರಬೇಕು. ಹೀಗೆ ಸ್ಥಾನಪಲ್ಲಟವಾದುದನ್ನೆಲ್ಲ ಸರಿಪಡಿಸುವ ಒಂದು ಪುಟ್ಟ ಕಾರ್ಯಕ್ರಮವನ್ನು ಬರೆದೆವು. ಹಾಳೆಯಲ್ಲಿ ಇಲ್ಲದ ಒತ್ತಕ್ಷರಗಳಿಗೆ ಅಕ್ಕನವರ ನೆನಪೇ ನಿಘಂಟಾಯಿತು. ನಾವು ಅರ್ಧ ಸಾಲು ಓದಿದರೆ ಅವರು ಹಾಡಿ ಪೂರ್ಣಗೊಳಿಸುತ್ತಿದ್ದರು.

ಐದು ತಿಂಗಳ ತರುವಾಯ ಅರವತ್ತೊಂದು ಹಾಡುಗಳು ಮರಳಿ ಕನ್ನಡವಾದವು. ಉಳಿದ ಮೂರು ಇದ್ದ ಫ್ಲಾಪಿ ಬೂಷ್ಟು ಹಿಡಿದಿತ್ತು. ಅವುಗಳಲ್ಲಿ ಒಂದು ಅಕ್ಕನವರ ನೆನಪಿನಿಂದ ದೊರೆಯಿತು. ಎರಡು ಹೋದವು. ಅವುಗಳ ಮೊದಲ ನುಡಿಯೂ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಆಗ ನಮ್ಮ ಮನಸ್ಸಿನಲ್ಲಿ ಸುಳಿದ ವಿಚಾರವಿದು. ನಮ್ಮೂರಿನ ಗುಡಿಯಲ್ಲಿ ಮಲ್ಲಿತಮ್ಮನು ಕೆತ್ತಿದ ಹೆಸರನ್ನು ಏಳುನೂರೈವತ್ತು ವರ್ಷಗಳ ಮೇಲೂ ಬಲ್ಲವರು ಓದುತ್ತಾರೆ. ನಾವು ಅಚ್ಚುಹಾಕಿದ್ದು ಹದಿಮೂರು ವರ್ಷಗಳಲ್ಲಿ ಅಪಾಠ್ಯವಾಯಿತು. ಕಲ್ಲು ಗಟ್ಟಿ, ಫ್ಲಾಪಿ ದುರ್ಬಲ ಎಂಬುದಷ್ಟೇ ಇದರ ಕಾರಣವಲ್ಲ. ಮಲ್ಲಿತಮ್ಮನು ಬಳಸಿದ್ದು ಎಲ್ಲರ ಲಿಪಿ. ನಾವು ಬಳಸಿದ್ದು ಒಂದು ಅಂಗಡಿಯ ಲಿಪಿ. ಅಂಗಡಿ ಮುಚ್ಚಿದಾಗ ಲಿಪಿಯೂ ಮುಚ್ಚಿತು.

ಆದುದರಿಂದಲೇ ಕನ್ನಡವನ್ನು ಎಲ್ಲರ ಸ್ವತ್ತಾಗಿ ಕಂಪ್ಯೂಟರಿಗೆ ತಂದವರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡಕ್ಕೆ ಸರಳವಾದ ಕೀಲಿಮಣೆ ವಿನ್ಯಾಸವನ್ನು ರೂಪಿಸಿ, ಅದರಿಂದ ಹಣ ಗಳಿಸಲು ಬಯಸದೆ ನಾಡಿಗೆ ಒಪ್ಪಿಸಿದರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಮನೆಮನೆಗೆ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆ ಬಂದಿತು. ನಮ್ಮ ಸಮಾಜಕ್ಕೆ ಈ ವಿಚಾರ ಹೊಸದಲ್ಲ. ಫ. ಗು. ಹಳಕಟ್ಟಿಯವರು ಮನೆಮನೆಯ ಜಂತಿ, ಅಟ್ಟಗಳಲ್ಲಿ ಹುಳು ತಿನ್ನುತ್ತಿದ್ದ ತಾಳೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದರು, ಮುಂದೆ ತಮ್ಮ ಮನೆಯನ್ನೇ ಮಾರಿ ವಿಜಯಪುರದಲ್ಲಿ ಮುದ್ರಣಾಲಯ ಸ್ಥಾಪಿಸಿದರು. ಗರಿಯಿಂದ ಕಾಗದಕ್ಕೆ, ಕಾಗದದಿಂದ ಕಂಪ್ಯೂಟರಿಗೆ ದಾಟಿಸುವವರು ಪ್ರತಿ ತಲೆಮಾರಿನಲ್ಲಿಯೂ ಬೇಕು. ದಾಟಿಸುವವರು ಇಲ್ಲದ ತಲೆಮಾರಿನಲ್ಲಿ ನುಡಿ ನಿಂತುಹೋಗುತ್ತದೆ.

2023ರಲ್ಲಿ ನಾವು ನಿವೃತ್ತರಾದೆವು. ಈಗ ವರ್ಷದ ಬಹುಭಾಗ ನುಗ್ಗೇಹಳ್ಳಿಯಲ್ಲಿಯೇ ನಮ್ಮ ವಾಸ. ತೋಟದ ಕೆಲಸ ಮುಗಿದ ಮೇಲೆ ಊರಿನ ಹಿರಿಯ ತಾಯಂದಿರ ಹಾಡುಗಳನ್ನು ಧ್ವನಿಮುದ್ರಿಸಿ, ಯೂನಿಕೋಡಿನಲ್ಲಿ ಬರೆದಿಡುವುದು ನಮ್ಮ ಈಗಿನ ಕಾಯಕ. ಪ್ರೌಢಶಾಲೆಯ ಕೆಲವು ಮಕ್ಕಳು ಸಂಜೆಯ ಹೊತ್ತು ಬಂದು ನೆರವಾಗುತ್ತಾರೆ. ಬರೆದು ಮುಗಿಸಿದ ಹಾಡಿನ ಕೆಳಗೆ ಹಾಡಿದವರ ಹೆಸರನ್ನೂ ಬರೆದುಕೊಂಡವರ ಹೆಸರನ್ನೂ ಹಾಕಬೇಕೆಂಬುದು ನಮ್ಮ ನಿಯಮ. ಇದನ್ನು ನಾವು ಗುಡಿಯ ಗೋಡೆಯಿಂದ ಕಲಿತೆವು.

ಓದುಗ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ. ತಮ್ಮ ಮನೆಗಳಲ್ಲಿಯೂ ಹಳೆಯ ಕಂಪ್ಯೂಟರಿನಲ್ಲಿ, ತಟ್ಟೆಗಳಲ್ಲಿ, ಕೈಬಿಟ್ಟ ಫೋನುಗಳಲ್ಲಿ ಹಿರಿಯರ ಮಾತು, ಹಾಡು, ಪತ್ರ, ಚಿತ್ರಗಳು ಇರಬಹುದು. ಅವನ್ನು ಇಂದೇ ತೆರೆದು ನೋಡಿರಿ. ತೆರೆದುಕೊಂಡರೆ ಎಲ್ಲರೂ ಓದಬಲ್ಲ ಕ್ರಮದಲ್ಲಿ ಮತ್ತೆ ಉಳಿಸಿರಿ. ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಮಕ್ಕಳ ಬಳಿ ಇಡಿರಿ. ಇನ್ನೊಂದನ್ನು ಕಾಗದದ ಮೇಲೆ ಮುದ್ರಿಸಿ ಪೆಟ್ಟಿಗೆಯಲ್ಲಿಡಿರಿ. ಹಾಡಬಲ್ಲ ಹಿರಿಯರು ಮನೆಯಲ್ಲಿದ್ದರೆ ಮುಂದಿನ ಹಬ್ಬದವರೆಗೆ ಕಾಯದೆ ಈ ವಾರವೇ ಅವರ ಬಳಿ ಕುಳಿತುಕೊಳ್ಳಿರಿ. ಯಂತ್ರ ಕೆಟ್ಟರೆ ಸರಿಮಾಡುವವರು ಎಲ್ಲಿಯಾದರೂ ಸಿಕ್ಕಾರು.