ಗುಂಡನ ಉಗುರು

ಗುಂಡ ನಮ್ಮನೆಗೆ ಬಂದು ಮೊನ್ನೆಗೆ ಐದು ತಿಂಗಳಾಯ್ತು. ಗುಂಡ ಅಂದ್ರೆ ಬೆಕ್ಕು. ಬೂದಿ ಬಣ್ಣ, 9 ವರ್ಷ ವಯಸ್ಸು, 6 ಕೇಜಿ ತೂಕ. ಶೆಲ್ಟರಿನವರು ಇಟ್ಟಿದ್ದ ಹೆಸರು ಆಲಿವರ್. ಆ ದುಂಡು ಮುಖಕ್ಕೆ ಆಲಿವರ್ ಒಗ್ಗೋದೇ ಇಲ್ಲ ಅಂತ ಕಾರು ಮನೆ ಮುಟ್ಟುವಷ್ಟರಲ್ಲಿ ನನ್ನಾಕೆ ಮರುನಾಮಕರಣ ಮುಗಿಸಿದ್ದಳು.

ಅವನ ಗೂಡಿನ ಮೇಲೆ ತಗುಲಿಸಿದ್ದ ಕಾರ್ಡಿನಲ್ಲಿ ಎರಡು ವಿಷಯ ಇದ್ದವು. ಒಂದು, ಮುಂಗಾಲುಗಳು ಡಿಕ್ಲಾ ಆಗಿವೆ. ಇನ್ನೊಂದು, ಎರಡು ಮನೆಗಳಿಂದ ವಾಪಸು ಬಂದಿದ್ದಾನೆ, ಲಿಟರ್ ಬಾಕ್ಸ್ ಬಳಸಲ್ಲ ಅನ್ನೋ ಕಾರಣಕ್ಕೆ. ಅಲ್ಲಿದ್ದ ಹುಡುಗಿ ಏನೂ ಮುಚ್ಚಿಡಲಿಲ್ಲ. ಮೂರನೇ ಸಲ ವಾಪಸು ಬಂದ್ರೆ ಇವನನ್ನ ಯಾರೂ ಕೇಳಲ್ಲ ಅಂದಳು. ಎಲ್ಲ ಗೊತ್ತಿದ್ದೇ ಕರ್ಕೊಂಡು ಬಂದ್ವಿ.

ನಮ್ಮೂರ ಕಡೆಯವರಿಗೆ ಈ ಲಿಟರ್ ಬಾಕ್ಸ್ ಪುರಾಣವೇ ವಿಚಿತ್ರ. ಅಲ್ಲಿ ಬೆಕ್ಕು ಒಲೆಬೂದಿ ಸುರಿದ ಕಡೆಗೋ, ಅಡಿಕೆ ಅಂಗಳದ ಮೂಲೆಗೋ ಹೋಗಿ, ಕೆರೆದು, ಕೂತು, ಮುಚ್ಚಿ ಬರುತ್ತೆ. ಅದಕ್ಕೊಂದು ಡಬ್ಬ, ಡಬ್ಬಕ್ಕೊಂದು ಮಣ್ಣು, ಆ ಮಣ್ಣಿಗೆ ತಿಂಗಳಿಗಿಷ್ಟು ಡಾಲರು ಅಂದ್ರೆ ಅಮ್ಮನಿಗೆ ನಗು ತಡೆಯೋಕಾಗಲ್ಲ. ಇಲ್ಲಿ ನಾವಿರೋದು ರ‍್ಯಾಲೀ ಹತ್ತಿರದ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿ. ಅಂಗಳ ಇಲ್ಲ, ಬೂದಿ ಇಲ್ಲ, ಗೋಡೆಯಿಂದ ಗೋಡೆಗೆ ಬಿಳೀ ಕಾರ್ಪೆಟ್ಟು. ಲೀಸ್ ಮುಗಿದಾಗ ಆ ಕಾರ್ಪೆಟ್ಟನ್ನ ಯಾರೋ ಬಂದು ಮೂಸಿ ನೋಡ್ತಾರೆ ಮಾರಾಯ್ರೆ!

ಡಿಕ್ಲಾ ಅಂದ್ರೆ ಉಗುರು ಕತ್ತರಿಸೋದು ಅಂತಲೇ ನಾನೂ ಎಷ್ಟೋ ವರ್ಷ ಅಂದ್ಕೊಂಡಿದ್ದೆ. ಅಲ್ಲ. ಬೆಕ್ಕಿನ ಉಗುರು ಬೆಳೆಯೋದು ಬೆರಳಿನ ಕೊನೇ ಮೂಳೆಯಿಂದ. ಹಾಗಾಗಿ ಉಗುರು ಮತ್ತೆ ಬರಬಾರದು ಅಂದ್ರೆ ಆ ಮೂಳೆಯನ್ನೇ ತೆಗೀಬೇಕು. ನಿಮ್ಮ ಕೈ ನೋಡ್ಕೊಳ್ಳಿ, ಒಂದೊಂದು ಬೆರಳಲ್ಲೂ ಕೊನೇ ಗೆಣ್ಣಿನ ಹತ್ತಿರ ಕತ್ತರಿಸಿದಂಗೆ. ಮಾಡೋದು ಬಹಳ ಸಲ ಸೋಫಾ ಉಳಿಸೋಕೆ. ಎಷ್ಟೋ ಕಡೆ ಮನೆ ಮಾಲೀಕರೇ ಬಾಡಿಗೆಗೆ ಷರತ್ತು ಹಾಕ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಆ ಷರತ್ತನ್ನ ನಿಲ್ಲಿಸೋಕೆ 2012ರಲ್ಲಿ ಕಾನೂನೇ ಮಾಡಬೇಕಾಯ್ತು. ಬ್ರಿಟನ್ನಿನಲ್ಲಿ 2006ರ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರ ಇಂಥದ್ದು ಅಪರಾಧ. ಅಮೆರಿಕದಲ್ಲಿ ರಾಜ್ಯ ಮಟ್ಟದಲ್ಲಿ ಮೊದಲು ನಿಷೇಧ ಮಾಡಿದ್ದು ನ್ಯೂಯಾರ್ಕ್, 2019ರಲ್ಲಿ. ಆಮೇಲೆ 2022ರಲ್ಲಿ ಮೇರಿಲ್ಯಾಂಡ್, 2024ರಲ್ಲಿ ನಮ್ಮ ಪಕ್ಕದ ವರ್ಜೀನಿಯಾ... ಗುಂಡನಿಗೆ ಇದರಿಂದ ಏನೂ ಉಪಯೋಗ ಆಗಲಿಲ್ಲ ಅನ್ನೋದು ಬೇರೆ ಮಾತು.

ಮೊದಲ ವಾರ ಬಚ್ಚಲಿನ ಕಾಲೊರೆಸು. ಎರಡನೇ ವಾರ ಒಗೆಯೋ ಬಟ್ಟೆ ರಾಶಿ. ಆಮೇಲೆ ನನ್ನಾಕೆಯ ದುಪಟ್ಟ, ಆಮೇಲೆ ಅವಳು ಅರ್ಧ ತುಂಬಿಟ್ಟಿದ್ದ ಸೂಟ್‌ಕೇಸು. ಅದು ನಡೆದ ರಾತ್ರಿ ಅವಳು ಜೋರು ಮಾಡಲಿಲ್ಲ. ಬಟ್ಟೆ ಎಲ್ಲ ಮಷೀನಿಗೆ ಹಾಕಿ ಬಂದು ಕೂತು, "ವಾಪಸು ಕೊಡೋಣ ಅಂತ ನಾನು ಹೇಳಲ್ಲ. ಆದ್ರೆ ಜೂನಲ್ಲಿ ಅಮ್ಮ ಬರ್ತಾಳೆ. ಅಷ್ಟರಲ್ಲಿ ಏನಾದ್ರೂ ಮಾಡು" ಅಂದಳು. ಕೂಗಾಡಿದ್ರೆ ಎಷ್ಟೋ ವಾಸಿ ಇತ್ತು.

ಇಂಥ ಬೆಕ್ಕುಗಳಿಗೆ ಹಠ, ಸೇಡು ತೀರಿಸ್ಕೊಳ್ಳುತ್ತೆ ಅಂತ ಹೇಳೋರು ಬಹಳ ಜನ. ನಂಗೆ ಅದು ಒಪ್ಪಿಗೆ ಇಲ್ಲ. ಪ್ರೋಗ್ರಾಮು ಸೇಡಿಗೋಸ್ಕರ ಕ್ರ್ಯಾಶ್ ಆಗಲ್ಲ, ಬೆಕ್ಕೂ ಅಷ್ಟೇ. ಹಾಗಾಗಿ ನಂಗೆ ಗೊತ್ತಿರೋ ಒಂದೇ ವಿದ್ಯೆ ಶುರು ಮಾಡಿದೆ, ಲಾಗ್ ಬರೆಯೋದು :) ಎಷ್ಟು ಹೊತ್ತಿಗೆ, ಎಲ್ಲಿ, ಯಾವುದರ ಮೇಲೆ. ಆಫೀಸು ಮನೆಯಿಂದಲೇ ಇದ್ದ ದಿನಗಳಲ್ಲಿ ಸುಮ್ನೆ ಕೂತು ಅವನನ್ನ ನೋಡಿದೆ.

ನೋಡಿದ್ದೇ ಒಳ್ಳೇದಾಯ್ತು. ಅವನು ಡಬ್ಬಕ್ಕೆ ಹೋಗ್ತಾ ಇಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ದಿನಕ್ಕೆ ಒಂದೆರಡು ಸಲ ಹೋಗ್ತಾನೆ. ಒಂದು ಕಾಲಿಡ್ತಾನೆ, ತಕ್ಷಣ ಎತ್ತಿ ಒದರ್ತಾನೆ, ನೀರು ತುಳಿದವರ ಹಾಗೆ. ಆಮೇಲೆ ಮುಂಗಾಲೆರಡನ್ನೂ ಡಬ್ಬದ ಅಂಚಿನ ಮೇಲೆ ಇಟ್ಟು, ಹಿಂಗಾಲು ಮಾತ್ರ ಒಳಗಿಟ್ಟು ಕೂರ್ತಾನೆ. ಕೆರೆಯೋದಿಲ್ಲ, ಮುಚ್ಚೋದಿಲ್ಲ, ಮುಗಿದ ಕೂಡ್ಲೇ ಹಾರಿ ಓಟ. ಅದೇ ಕಾಲೊರೆಸಿನ ಮೇಲೆ? ಆರಾಮಾಗಿ ನಿಂತು, ಆ ಉಗುರಿಲ್ಲದ ಪಂಜದಲ್ಲಿ ನಾಲ್ಕು ಸಲ ಕೆರೆದು, ಊರಲ್ಲಿ ಬೂದಿಯ ಮೇಲೆ ಕೂರೋ ಬೆಕ್ಕಿನ ಹಾಗೇ ಕೂರ್ತಾನೆ. ಕಾಲಿಗೆ ಯಾವುದು ಮೆತ್ತಗಿದೆಯೋ ಅಲ್ಲಿ ಅವನು ಸರಿಯಾಗಿಯೇ ಇದ್ದ.

ಡಾಕ್ಟರ ಹತ್ತಿರ ಹೋದಾಗ ಅವರು ಪಂಜಕ್ಕಿಂತ ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕು, ಹರಳು ಇದೆಯಾ ಅಂತ. ಇದನ್ನ ಬೆಕ್ಕು ಸಾಕಿದವರೆಲ್ಲ ತಿಳ್ಕೊಂಡಿರಬೇಕು: ಗಂಡು ಬೆಕ್ಕು ಪದೇ ಪದೇ ಕೂತು ಮುಕ್ಕರಿದ್ರೂ ಮೂತ್ರ ಬರ್ತಿಲ್ಲ ಅಂದ್ರೆ ನಾಳೆ ನೋಡೋಣ ಅನ್ನೋ ಹಾಗಿಲ್ಲ. ಮೂತ್ರನಾಳ ಕಟ್ಟಿಕೊಂಡಿದ್ರೆ ಜೀವಕ್ಕೇ ಅಪಾಯ. ಗುಂಡನಿಗೆ ಅಂಥದ್ದೇನೂ ಇರಲಿಲ್ಲ. ಆಮೇಲೆ ಎಕ್ಸ್‌ರೇ. ಬಲ ಪಂಜದ ಎರಡು ಬೆರಳಲ್ಲಿ, ತೆಗೆದಿರಬೇಕಾದ ಮೂಳೆಯ ಚೂರುಗಳು ಉಳಿದಿದ್ದವು. ಪರದೆ ಮೇಲೆ ಅಕ್ಕಿ ನುಚ್ಚಿನ ಹಾಗೆ ಕಾಣ್ತಿದ್ದವು. ಎಂಟೊಂಬತ್ತು ವರ್ಷದಿಂದ ಅದರ ಮೇಲೇ ನಡೀತಿದ್ದಾನೆ.

ಇದು ಅಪರೂಪ ಏನಲ್ಲವಂತೆ. 2017ರಲ್ಲಿ ಜರ್ನಲ್ ಆಫ್ ಫೀಲೈನ್ ಮೆಡಿಸಿನ್ ಅಂಡ್ ಸರ್ಜರಿಯಲ್ಲಿ ಬಂದ ಒಂದು ಅಧ್ಯಯನ ಓದಿದೆ. 274 ಬೆಕ್ಕುಗಳು, ಅರ್ಧದಷ್ಟು ಡಿಕ್ಲಾ ಆದವು. ಆದವುಗಳಲ್ಲಿ ಶೇಕಡಾ 63ರಷ್ಟರ ಪಂಜದಲ್ಲಿ ಮೂಳೆ ಚೂರು ಉಳಿದಿತ್ತು. ಡಬ್ಬದ ಹೊರಗೆ ಹೋಗೋದು, ಬೆನ್ನು ನೋವು, ಕಚ್ಚೋದು, ಎಲ್ಲವೂ ಇವುಗಳಲ್ಲೇ ಜಾಸ್ತಿ. ಬೆಕ್ಕು ನಡೆಯೋದೇ ಬೆರಳ ಮೇಲೆ, ಬೆರಳು ಗಿಡ್ಡ ಆದ್ರೆ ಭಾರ ಹಿಂದಕ್ಕೆ ಬೀಳುತ್ತೆ, ಬೆನ್ನೂ ಹಿಡ್ಕೊಳ್ಳುತ್ತೆ.

ನೋವಿಗೆ ಗ್ಯಾಬಪೆಂಟಿನ್ ಕೊಟ್ಟರು. ಮೊದಲೆರಡು ದಿನ ಜಾತ್ರೆ ಮುಗಿಸಿ ಬಂದವನ ಹಾಗೆ ತೂರಾಡಿದ. ಡಾಕ್ಟರು ಡೋಸ್ ಇಳಿಸಿದ ಮೇಲೆ ಸರಿಹೋಯ್ತು.

ಆಮೇಲೆ ಡಬ್ಬದ ಕೆಲಸ. ಅಕ್ಕಪಕ್ಕ ಮೂರು ಡಬ್ಬ ಇಟ್ಟು ಮೂರು ಥರದ ಲಿಟರ್ ತುಂಬಿದೆ. ಸಿಲಿಕಾ ಹರಳು, ಪೇಪರ್ ಗುಳಿಗೆ, ಮತ್ತೆ ವಾಸನೆ ಹಾಕದ ನುಣ್ಣನೆ ಬೆಂಟೊನೈಟ್ ಜೇಡಿ. ಡಿಕ್ಲಾ ಬೆಕ್ಕಿಗೆ ಪೇಪರೇ ವಾಸಿ ಅಂತ ಎಲ್ಲರೂ ಹೇಳಿದ್ದರು. ಗುಂಡ ಅದನ್ನ ಮೂಸಿಯೂ ನೋಡಲಿಲ್ಲ. ಸಿಲಿಕಾ ಹರಳಿನ ಮೇಲೆ ಕಾಲಿಟ್ಟು ಒಂದು ಕೂಗು ಹಾಕಿದ, ಅದನ್ನ ಅವತ್ತೇ ಎಸೆದೆ. ನುಣ್ಣನೆ ಮಣ್ಣಿಗೆ ಐದನೇ ದಿನ ಇಳಿದ. ಮೂರಿಂಚು ತುಂಬಿದ್ದನ್ನ ಒಂದೂವರೆ ಇಂಚಿಗೆ ಇಳಿಸಿದ ಮೇಲೆ ಹೆಚ್ಚು ಹೊತ್ತು ನಿಲ್ಲತೊಡಗಿದ, ಕಾಲು ಹೂತುಹೋಗ್ತಿರಲಿಲ್ಲ. ಅಂಗಡಿಯ ಡಬ್ಬ ಬಿಟ್ಟು, ಮಂಚದ ಕೆಳಗೆ ಬಟ್ಟೆ ಇಡೋ ದೊಡ್ಡ ಪ್ಲಾಸ್ಟಿಕ್ ಟಬ್ ತಂದು ಒಂದು ಬದಿ ಮೂರಿಂಚು ಬಿಟ್ಟು ಕತ್ತರಿಸಿ, ಅಂಚಿಗೆ ಟೇಪ್ ಸುತ್ತಿದೆ. ಒಂದು ಹಾಲಿನಲ್ಲಿ, ಒಂದು ಬಚ್ಚಲಲ್ಲಿ.

ಹಳೇ ಕಲೆಗಳ ಕಥೆ ಬೇರೆ. ಯುವಿ ಟಾರ್ಚ್ ಹಿಡ್ಕೊಂಡು ದೀಪ ಆರಿಸಿದ್ರೆ ಕಾರ್ಪೆಟ್ಟಿನ ಮೇಲೆ ನಕ್ಷತ್ರ ಮಂಡಲ! ಸೋಪಿನಲ್ಲಿ ತಿಕ್ಕಿದ್ರೆ ನಮಗೆ ವಾಸನೆ ಹೋಗುತ್ತೆ, ಬೆಕ್ಕಿಗೆ ಹೋಗಲ್ಲ. ಯೂರಿಕ್ ಆಮ್ಲದ ಹರಳು ಒಳಗೇ ಉಳಿದು, ತೇವ ಆದಾಗ ಮತ್ತೆ ಏಳುತ್ತೆ. ಎಂಜೈಮ್ ಕ್ಲೀನರ್ರೇ ಬೇಕು, ಅದೂ ಸುರಿದು ಗಂಟೆಗಟ್ಟಲೆ ನೆನೆಸಬೇಕು. ಅಮೋನಿಯಾ ಇರೋದನ್ನ ಹಾಕಿದ್ರೆ ಇಲ್ಲೇ ಮಾಡು ಅಂತ ಬೋರ್ಡು ಹಾಕಿದಂಗೆ.

ಅಮ್ಮನಿಗೆ ಫೋನಲ್ಲಿ ಇದನ್ನೆಲ್ಲ ಹೇಳಿದೆ. ಕಾರ್ಪೆಟ್ಟಿನ ವಿಷಯ, ಖರ್ಚಿನ ವಿಷಯ ಕೇಳ್ತಾಳೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಅಲ್ಲ ಮಾರಾಯ, ಅದಕ್ಕೆ ಈಗ್ಲೂ ನೋಯ್ತದಾ?" ಅಂದಳು. ಇಷ್ಟು ದಿನದಲ್ಲಿ ಡಾಕ್ಟರು ಬಿಟ್ರೆ ಈ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ.

ಈಗ ಆರು ವಾರದಲ್ಲಿ ಎರಡೇ ಸಲ ತಪ್ಪಿದೆ, ಎರಡೂ ಕಾಲೊರೆಸಿನ ಮೇಲೆ. ಕಾಲೊರೆಸು ಈಗ ಗೋಡೆಯ ಮೊಳೆಗೆ ಬಡ್ತಿ ಪಡೆದಿದೆ. ಅತ್ತೆ ಬಂದು ಹತ್ತು ದಿನ ಆಯ್ತು, ಇನ್ನೂ ಯಾರೂ ಮೂಗು ಮುಚ್ಕೊಂಡಿಲ್ಲ. ದಿನಾ ಬೆಳಿಗ್ಗೆ ಅವರ ಕಾಫಿ ಹೊತ್ತಿಗೆ ಗುಂಡ ಹೋಗಿ ಸೀರೆ ಸೆರಗಿನ ಮೇಲೆ ಮಲಗ್ತಾನೆ. ನಾವಿಬ್ಬರೂ ಉಸಿರು ಬಿಗಿ ಹಿಡಿದು ನೋಡ್ತೀವಿ.

ಉಳಿದಿರೋದು ಆ ಚೂರುಗಳು. ಆಪರೇಷನ್ ಮಾಡಿ ತೆಗೀಬಹುದು, ಆದ್ರೆ 9 ವರ್ಷದ ಬೆಕ್ಕಿಗೆ ಅರಿವಳಿಕೆ ಕೊಡೋ ಮುಂಚೆ ಕಿಡ್ನಿ ನೋಡಬೇಕು ಅಂತ ಡಾಕ್ಟರು. ಬರೋ ಮಂಗಳವಾರ ರಕ್ತ ಪರೀಕ್ಷೆ. ನಿಮ್ಮಲ್ಲಿ ಯಾರಾದ್ರೂ ವಯಸ್ಸಾದ ಬೆಕ್ಕಿಗೆ ಇಂಥ ಆಪರೇಷನ್ ಮಾಡಿಸಿದ್ರೆ, ಆಮೇಲೆ ಎಷ್ಟು ದಿನಕ್ಕೆ ಸರಿಯಾಗಿ ನಡೀತು ಅಂತ ದಯವಿಟ್ಟು ಹೇಳಿ. ನನ್ನಾಕೆ ಬೇಡ ಅಂತಿದ್ದಾಳೆ, ನಾನಿನ್ನೂ ಏನೂ ಅಂದಿಲ್ಲ.