ಅಕ್ಷರ ಉಳಿದು ಮಾತು ಹೋದ ಊರು

ಹೋದ ವರ್ಷ ಮಗಳ ಒತ್ತಾಯಕ್ಕೆ ಇಟಲಿ ನೋಡಿಬಂದೆವು. ರೋಮ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯೋಲ್ಲ. ನನ್ನ ಮನಸ್ಸಲ್ಲಿ ಉಳಿದದ್ದು ಓರ್ವಿಯೇತೊ ಅನ್ನೋ ಬೆಟ್ಟದ ಊರು. ರೋಮ್‌ನಿಂದ ರೈಲು, ಸ್ಟೇಷನ್ನಿನಿಂದ ಮೇಲಕ್ಕೆ ಹಗ್ಗ ಎಳೆಯೋ ಪುಟ್ಟ ಬೋಗಿ. ಇಡೀ ಊರು ಕೂತಿರೋದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಬಂಡೆಯ ಮೇಲೆ.

ಅಲ್ಲಿನ ದೊಡ್ಡ ಚರ್ಚನ್ನು ಕಟ್ಟಲು ಶುರುಮಾಡಿದ್ದು 1290ರಲ್ಲಿ. ಒಳಗಿನ ಒಂದು ಚಾಪೆಲ್‌ಗೆ 1447ರಲ್ಲಿ ಫ್ರಾ ಆಂಜೆಲಿಕೊ ಚಿತ್ರ ಬರೆಯಲು ತೊಡಗಿ, ಅರ್ಧಕ್ಕೆ ಬಿಟ್ಟುಹೋದ. ಮುಂದುವರಿಸಲು ಲೂಕಾ ಸಿನ್ಯೊರೆಲ್ಲಿ ಬಂದದ್ದು 1499ರಲ್ಲಿ! ಒಂದು ಗೋಡೆಯಲ್ಲಿ ಸತ್ತವರು ನೆಲದಿಂದ ಎದ್ದು ಬರ್ತಿದ್ದಾರೆ. ನೀರಿನಿಂದ ದಡಕ್ಕೆ ಹತ್ತೋರ ಹಾಗೆ ಕೈ ಊರಿಕೊಂಡು. ಕೆಲವರಿಗೆ ಇನ್ನೂ ಮಾಂಸವೇ ಬಂದಿಲ್ಲ, ಬರೀ ಎಲುಬು. ಇನ್ನೊಂದು ಗೋಡೆಯ ಮೂಲೆಯಲ್ಲಿ ಸಿನ್ಯೊರೆಲ್ಲಿ ಕಪ್ಪು ಬಟ್ಟೆ ತೊಟ್ಟು ತಾನೇ ನಿಂತಿದ್ದಾನೆ. ಪಕ್ಕದಲ್ಲಿರೋ ಸನ್ಯಾಸಿ ಫ್ರಾ ಆಂಜೆಲಿಕೊ ಅಂತಾರೆ. ಕೆಲಸ ಶುರುಮಾಡಿದವನನ್ನು ಮರೆತಿಲ್ಲ ನೋಡಿ.

ಮಧ್ಯಾಹ್ನ ಬಂಡೆಯ ಬುಡಕ್ಕೆ ಇಳಿದೆವು. ಅಲ್ಲಿ ಎಟ್ರುಸ್ಕನ್ನರ ಸಮಾಧಿಗಳು, ಕ್ರಿಸ್ತಪೂರ್ವ 6ನೇ ಶತಮಾನದವು. ಸಾಲು ಸಾಲು ಬಾಗಿಲು, ನಡುವೆ ಓಣಿ, ಥೇಟ್ ನಮ್ಮ ಮುಂಬಯಿ ಚಾಳು! ಪ್ರತಿ ಬಾಗಿಲ ಮೇಲೂ ಮನೆಯವರ ಹೆಸರು, ಬಲದಿಂದ ಎಡಕ್ಕೆ ಕೆತ್ತಿದ್ದು. ಎಷ್ಟೋ ಕಡೆ ಶುರುವಾಗೋದು 'ಮಿ' ಅಂತ. ಅಂದರೆ 'ನಾನು'. ನಾನು ಇಂಥವರದು, ಅಂತ ಸಮಾಧಿಯೇ ಹೇಳುತ್ತೆ. ಕ್ರಿಸ್ತಪೂರ್ವ 264ರಲ್ಲಿ ರೋಮನ್ನರು ಊರು ಹಾಳುಮಾಡಿ, ಜನರನ್ನು ಬೊಲ್ಸೇನಾ ಸರೋವರದ ದಡಕ್ಕೆ ಸಾಗಿಸಿದರು. ಕಾಲಕ್ರಮೇಣ ಲ್ಯಾಟಿನ್ ಎದುರು ಆ ಭಾಷೆಯೇ ಅಳಿಯಿತು. ಲಿಪಿ ಗ್ರೀಕ್ ಮೂಲದ್ದು, ಹಾಗಾಗಿ ವಿದ್ವಾಂಸರು ಇವತ್ತೂ ಓದ್ತಾರೆ. ಆದರೆ ಉದ್ದದ ಬರಹಗಳ ಅರ್ಥ ಪೂರ್ತಿ ಸಿಕ್ಕಿಲ್ಲ.

ಇದನ್ನು ಮಗಳಿಗೆ ವಿವರಿಸ್ತಿದ್ದೆ. ಅವಳು ತಟ್ಟನೆ ಅಂದಳು, "ಅಪ್ಪಾ, ಅಜ್ಜಿ ಕಾಗದಗಳು ನಂಗೆ ಇದರ ಉಲ್ಟಾ. ನೀನು ಓದಿದ್ರೆ ಎಲ್ಲಾ ಅರ್ಥ ಆಗುತ್ತೆ. ನನಗೆ ಓದೋಕೇ ಬರಲ್ಲ."

ನಾನು ಸುಮ್ಮನಾದೆ. ಡೊಂಬಿವಲಿಗೆ ಬಂದು 34 ವರ್ಷ. ಮನೆಯಲ್ಲಿ ಕನ್ನಡ ಮಾತಾಡ್ತೀವಿ ಅಂತ ಎಲ್ಲರೆದುರು ಬೀಗಿದ್ದೇ ಬಂತು, ಅಕ್ಷರ ಕಲಿಸಲು ಪುರುಸೊತ್ತಾಗಲಿಲ್ಲ. ಅಮ್ಮ ಹೋದಮೇಲೆ ಆ ಕಾಗದಗಳು ಟ್ರಂಕಿನಲ್ಲೇ ಇವೆ.

ಈಗ ಭಾನುವಾರಕ್ಕೊಂದು ಕಾಗದ ತೆಗೀತೀವಿ. ಮರಾಠಿ ಓದಿದವಳಿಗೆ ಕಾಗುಣಿತ ಹೊಸದಲ್ಲ, ಆಕಾರ ಮಾತ್ರ ಹೊಸದು. ಒತ್ತಕ್ಷರ ಬಂದರೆ ನಿಲ್ತಾಳೆ. ಮೊನ್ನೆ ಬೆರಳಿಟ್ಟು ಮೊದಲ ಸಾಲು ತಾನೇ ಮುಗಿಸಿದಳು. "ನಾವು ಇಲ್ಲಿ ಕ್ಷೇಮ."

ನಿಮ್ಮ ಮನೆಯಲ್ಲಿ ಹೇಗೆ?